ಬ್ರೇಕಿಗೆ ಕೀಲೆಣ್ಣೆ

ಓದು ಕಡಿಮೆ ಇದ್ದವರಿಗೆ ಒಂದು ಅನುಕೂಲವಿದೆ. ಏನು ತಪ್ಪು ಮಾಡಿದರೂ "ಪಾಪ, ಓದಿಲ್ಲ" ಅಂತ ಜನ ಬಿಟ್ಟುಬಿಡುತ್ತಾರೆ. ನಾನು ಮೂರನೇ ಕ್ಲಾಸು ಮುಗಿಸುವ ಮೊದಲೇ ತಾಳಿ ಕಟ್ಟಿಸಿಕೊಂಡವಳು. ಈ ಅನುಕೂಲವನ್ನು ಅಲ್ಲಿಂದ ಇಲ್ಲಿಯವರೆಗೆ ಚೆನ್ನಾಗಿಯೇ ಬಳಸಿಕೊಂಡು ಬಂದಿದ್ದೇನೆ. ಆದರೆ ಒಂದು ತಪ್ಪನ್ನು ಮಾತ್ರ ಬಾಯಿ ಬಿಡದೆ ಇಟ್ಟುಕೊಂಡಿದ್ದೆ. ಯಾಕೆಂದರೆ ಜನ ಅದನ್ನು ತಪ್ಪು ಅಂದುಕೊಳ್ಳಲಿಲ್ಲ, ಸಾಹಸ ಅಂದುಕೊಂಡರು. ಹೊಗಳುವವರ ಬಾಯಿ ಮುಚ್ಚಿಸುವುದು ನನ್ನ ಕೆಲಸವಲ್ಲ. ಈಗ ಹೊಗಳಿದವರೆಲ್ಲ ಹೋಗಿಬಿಟ್ಟಿದ್ದಾರೆ, ಹೇಳಿದರೆ ನಷ್ಟವಿಲ್ಲ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ನನಗೆ ನಲವತ್ತಮೂರೋ ನಲವತ್ತನಾಲ್ಕೋ. ಆ ವಯಸ್ಸಿಗೆ ಅಜ್ಜಿಯಾಗಿರದಿದ್ದರೆ ಮನೆಯಲ್ಲಿ ಏನೋ ಎಡವಟ್ಟಾಗಿದೆ ಅಂತ ಆಗ ಲೆಕ್ಕ. ಚನ್ನರಾಯಪಟ್ಟಣಕ್ಕೆ ಕೊಟ್ಟಿದ್ದ ಮಗಳು ನನ್ನನ್ನು ಎರಡು ಸಲ ಅಜ್ಜಿ ಮಾಡಿದ್ದಳು. ಗಂಡ ಸತ್ತು ಆರು ವರ್ಷವಾಗಿತ್ತು. ಮಗ ಹಾಸನದಲ್ಲಿ ಒಂದು ಆಫೀಸಿನಲ್ಲಿ ಗುಮಾಸ್ತ, ಅಲ್ಲೇ ರೂಮು. ಅರಕಲಗೂಡಿನ ಮನೆಯಲ್ಲಿ ನಾನು, ನನ್ನ ಎಮ್ಮೆ, ಮತ್ತೆ ಮಗ ಹಾಸನಕ್ಕೆ ವರ್ಗವಾಗುವ ಮೊದಲು ಕೊಂಡು ಗೋಡೆಗೆ ಒರಗಿಸಿಟ್ಟು ಹೋದ ಹಳೇ ಸೈಕಲ್ಲು. ಎಮ್ಮೆಗೆ ನನ್ನ ಕೈ ಬಿಟ್ಟರೆ ಬೇರೆಯವರ ಕೈ ಆಗದು. ಪಕ್ಕದ ಮನೆಯವಳು ಒಂದು ದಿನ ಕರೆಯಲು ಕೂತು ಚೊಂಬಿನ ಸಮೇತ ಅಂಗಳದ ಆಚೆ ಬಿದ್ದಿದ್ದಳು. ಹಾಗಾಗಿ ಎಲ್ಲಿಗೆ ಹೋದರೂ ಬೆಳಿಗ್ಗೆ ಹಾಲು ಕರೆದು ಹೋಗಬೇಕು, ಸಂಜೆ ಕರೆಯುವ ಹೊತ್ತಿಗೆ ವಾಪಸ್ಸು ಬರಬೇಕು.

ನನ್ನ ಕೆಲಸ ಇದ್ದದ್ದು ಹನ್ನೆರಡು ಮೈಲಿ ದೂರದ ರಾಮನಾಥಪುರದಲ್ಲಿ, ಸಿದ್ದೇಗೌಡರ ಬ್ಯಾರನ್ನಿನಲ್ಲಿ, ಅಂದರೆ ಹೊಗೆಸೊಪ್ಪು ಬೇಯಿಸುವ ಮನೆಯಲ್ಲಿ. ಬೇಯಿಸಿ ಒಣಗಿಸಿದ ಎಲೆಯನ್ನು ಬಣ್ಣ ನೋಡಿ ಬೇರೆ ಮಾಡುವುದು. ನಿಂಬೆ ಬಣ್ಣದ್ದು ಒಂದು ಕಡೆ, ಕಿತ್ತಳೆಯದ್ದು ಒಂದು ಕಡೆ, ಹಸಿರು ಉಳಿದದ್ದು ಇನ್ನೊಂದು ಕಡೆ. ಹೆಂಗಸರ ಸಾಲಿನಲ್ಲಿ ಮೊದಲನೇ ಚಾಪೆ ನನ್ನದು. ಅಲ್ಲಿ ಕೂತವಳು ಹೇಳಿದ್ದೇ ಬಣ್ಣ, ಗೌಡರೂ ಎದುರಾಡುವಂತಿಲ್ಲ. ಆದರೆ ಹೊಗೆಸೊಪ್ಪಿಗೆ ಒಂದು ಹದವಿದೆ. ಬೆಳಗಿನ ಮಂಜು ಕುಡಿದು ಮೆತ್ತಗಿರುವಾಗ ಮುಟ್ಟಿದರೆ ರೇಷ್ಮೆ, ಬಿಸಿಲೇರಿದ ಮೇಲೆ ಮುಟ್ಟಿದರೆ ಹಪ್ಪಳ. ಪುಡಿಯಾದ ಎಲೆಯನ್ನು ಯಾವ ವ್ಯಾಪಾರಿಯೂ ಕೇಳುವುದಿಲ್ಲ. ಮೊದಲು ಒಂದು ಬಸ್ಸು ನಸುಕಿನಲ್ಲೇ ಹೋಗುತ್ತಿತ್ತು. ಅದನ್ನು ನಿಲ್ಲಿಸಿದರು. ಉಳಿದ ಬಸ್ಸು ರಾಮನಾಥಪುರ ಮುಟ್ಟುವಾಗ ಎಂಟೂವರೆ. ನಾನು ಕಾಲಿಡುವ ಹೊತ್ತಿಗೆ ಎಲೆ ಹಪ್ಪಳ. ಬ್ಯಾರನ್ನಿನ ಬೆನ್ನಿಗೇ ಮನೆಯಿದ್ದ ಚೆನ್ನವ್ವ ಅನ್ನುವವಳು ನನ್ನ ಚಾಪೆ ಮೇಲೆ ಕೂತು, ಹಸಿರನ್ನೂ ಕಿತ್ತಳೆಯನ್ನೂ ಒಂದೇ ಕಟ್ಟಿಗೆ ಸೇರಿಸಿ, "ಈಗ ಬಂದೇನಕ್ಕಾ? ಊಟ ಆಯ್ತಾ?" ಅನ್ನುವಳು.

ಗೋಡೆಗೆ ಒರಗಿದ್ದ ಸೈಕಲ್ಲಿನ ಮೇಲೆ ನನ್ನ ಕಣ್ಣು ಬಿದ್ದದ್ದು ಹೀಗೆ. ರಜಕ್ಕೆ ಬಂದಿದ್ದ ಮಗನಿಗೆ ಹೇಳಿದೆ. ಅವನು ತಿನ್ನುತ್ತಿದ್ದ ಮುದ್ದೆ ನುಂಗದೆ ಕೂತ.

"ಅವ್ವ, ನೀನು ಸೈಕಲ್ ತುಳುದ್ರೆ ಜನ ಏನಂದಾರು?"

"ಸೈಕಲ್ ತುಳೀತಾಳೆ ಅಂದಾರು. ಇನ್ನೇನಂತಾರೆ ಕಣ್ಲಾ? ಮುದ್ದೆ ನುಂಗು."

ಪಕ್ಕದ ಗಾಡಿ ಬೋರಣ್ಣನ ಖಾಲಿ ಕಣದಲ್ಲಿ ಕಲಿತೆ. ಗಂಡಸರ ಸೈಕಲ್ಲು, ನಡುವೆ ಅಡ್ಡ ಬಾರು. ಸೀರೆಗೆ ಕಚ್ಚೆ ಹಾಕಿ, ಮೊದಲು ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲು ಹೊಡೆದೆ, ಆಮೇಲೆ ಬಾರಿನ ಮೇಲೆ, ಆಮೇಲೆ ಸೀಟು. ಹತ್ತುವುದು ನಾಲ್ಕು ದಿನದಲ್ಲಿ ಬಂತು. ಇಳಿಯುವುದು ಬರಲಿಲ್ಲ. ನಿಲ್ಲಬೇಕು ಅನ್ನಿಸಿದಾಗಲೆಲ್ಲ ಬೋರಣ್ಣನ ಹುಲ್ಲಿನ ಬಣವೆಗೆ ನೇರವಾಗಿ ಹೋಗಿ ನುಗ್ಗುತ್ತಿದ್ದೆ. ಒಂದು ವಾರಕ್ಕೆ ಬಣವೆ ಒಂದು ಕಡೆಗೆ ವಾಲಿತು. "ಅಕ್ಕಾ, ನನ್ ಬಣವೆ ಮ್ಯಾಲೆ ನಿಂಗೇನು ದ್ವೇಸ? ಎಮ್ಮೆಗೆ ಉಲ್ಲು ಬೇಕಾದ್ರೆ ಕೇಳು, ಕೊಟ್ಬುಡ್ತೀನಿ" ಅಂತ ಬೋರಣ್ಣ ಕೈ ಮುಗಿದ ಮೇಲೆ ಬ್ರೇಕು ಹಿಡಿಯುವುದನ್ನು ಕಲಿತೆ. ಹಿಡಿಯುತ್ತಲೇ ಅದರ ಕಬ್ಬಿಣದ ಕಡ್ಡಿ ಗಡಗಡ ಅಲ್ಲಾಡುವುದು ಕಿವಿಗೆ ಬಿತ್ತು. ನನಗೆ ಸದ್ದು ಮಾಡುವ ಸಾಮಾನು ಆಗದು. ಮನೆಯಲ್ಲಿ ಸದ್ದು ಮಾಡಲು ನಾನೊಬ್ಬಳು ಸಾಕು. ಎಮ್ಮೆಯ ಹಳೇ ತೆಂಗಿನ ಹಗ್ಗದಲ್ಲಿ ಒಂದು ಗೇಣು ಕತ್ತರಿಸಿ, ಕಡ್ಡಿಯನ್ನು ಮೇಲಕ್ಕೆಳೆದು ಬಿಗಿಯಾಗಿ ಕಟ್ಟಿದೆ. ಗಡಗಡ ನಿಂತಿತು.

ಮೊದಲ ದಿನ ಒಂದು ಮೈಲಿ, ಮೂರನೇ ದಿನ ಮೂರು ಮೈಲಿ. ಆಷಾಢದಲ್ಲಿ ಗಾಳಿ ಎದುರಿಗೆ ಬಂದು ಎದೆಗೆ ಕೈಯಿಟ್ಟು ಹಿಂದಕ್ಕೆ ತಳ್ಳುತ್ತಿತ್ತು. ನಾನೂ ಬೈದುಕೊಂಡೇ ತುಳಿದೆ. ಗಾಳಿಯನ್ನು ಬೈದರೆ ತಿರುಗಿ ಬೈಯುವುದಿಲ್ಲ, ಅದೊಂದು ಸುಖ. ಮಳೆ ಹಿಡಿದಾಗ ಕಂಬಳಿ ಕೊಪ್ಪೆ ಹಾಕಿಕೊಂಡೆ. ಅದು ನೀರು ಕುಡಿದು ನನ್ನಷ್ಟೇ ಭಾರವಾಗಿ, ಇಬ್ಬರು ಹೆಂಗಸರು ಒಂದು ಸೈಕಲ್ಲಿನಲ್ಲಿ ಹೋದಂತಾಗುತ್ತಿತ್ತು. ಶ್ರಾವಣ ಮುಗಿಯುವ ಹೊತ್ತಿಗೆ ಹನ್ನೆರಡು ಮೈಲಿಯೂ ಆಯಿತು. ಹೊಳೆನರಸೀಪುರದ ರಸ್ತೆಯ ಎತ್ತಿನ ಗಾಡಿಯವರೆಲ್ಲ ನನ್ನನ್ನು ಗುರುತು ಹಿಡಿದು ದಾರಿ ಬಿಡುತ್ತಿದ್ದರು, ಮರ್ಯಾದೆಗಲ್ಲ, ಭಯಕ್ಕೆ. ಆ ರಸ್ತೆಯಲ್ಲಿ ನಾನು ಹೋಗುತ್ತಿದ್ದದ್ದು ಭಾನುವಾರ, ಅಭ್ಯಾಸಕ್ಕೆ.

ಆದರೆ ರಾಮನಾಥಪುರಕ್ಕೆ ಎರಡು ಮೈಲಿ ಇರುವಾಗ ಒಂದು ಏರು ಇತ್ತು. ತಲೆಯ ಮೇಲೊಂದು ಆಲದ ಮರ. ಆ ಏರು ನನ್ನನ್ನು ಒಂದು ದಿನವೂ ಕೂತು ಹತ್ತಲು ಬಿಡಲಿಲ್ಲ. ಅರ್ಧಕ್ಕೆ ತೊಡೆ ಕಲ್ಲಾಗುತ್ತಿತ್ತು, ಇಳಿದು ತಳ್ಳುತ್ತಿದ್ದೆ. ಹಾಗಾಗಿ ಬಸ್ಸಿಗಿಂತ ಅರ್ಧ ಗಂಟೆ ಮುಂಚೆ ತಲುಪುತ್ತಿದ್ದೆ, ಅಷ್ಟೇ. ಮಂಜು ಆರುವ ಮುಂಚೆ ಅಲ್ಲ. ಸಿದ್ದೇಗೌಡರು ಕಾರ್ತಿಕದವರೆಗೆ ತಡೆದುಕೊಂಡರು. ಒಂದು ಸಂಜೆ ಹೇಳಿಬಿಟ್ಟರು.

"ನೋಡವ್ವ, ನಾಳೆ ಮದ್ಯಾನ್ಕೆ ದೊಡ್ ವ್ಯಾಪಾರಿ ಬತ್ತಾವ್ನೆ. ನಿನ್ ಕೈ ಬೆಳ್ಳಿ, ಇಲ್ಲ ಅನ್ನಾಕಿಲ್ಲ. ಆದ್ರೆ ಸೊಪ್ಪು ನಿನ್ನ ಕಾಯ್ಕಂಡು ಕೂತ್ಕಂತದಾ? ಮಂಜು ಆರಕ್ಕೆ ಮುಂಚೆ ಚಾಪೆ ಮ್ಯಾಲೆ ಇದ್ರೆ ಚಾಪೆ ನಿಂದು. ಇಲ್ದಿದ್ರೆ ಚೆನ್ನವ್ವಂದು. ಒಂದಿನಕ್ಕಲ್ಲ, ಯಾವತ್ಗೂವೆ."

ಚೆನ್ನವ್ವ ಪಕ್ಕದಲ್ಲೇ ನಿಂತಿದ್ದಳು. "ಪಾಪ, ವಯಸ್ಸಾಯ್ತಲ್ಲ ಅಕ್ಕಂಗೆ" ಅಂದಳು. ಅವಳು ನನಗಿಂತ ಎರಡು ವರ್ಷ ದೊಡ್ಡವಳು.

ಸಂಜೆ ಮನೆಗೆ ಬಂದು ಸೈಕಲ್ಲನ್ನು ಅಂಗಳದಲ್ಲಿ ನಿಲ್ಲಿಸಿ ನೋಡಿದೆ. ಚಕ್ರ ತಿರುಗಿಸಿದರೆ ಎರಡು ಸುತ್ತೂ ಹೋಗದೆ ಕಿರ್ರೋ ಅಂತ ಅಳುತ್ತಿತ್ತು. ಮಳೆಗಾಲದಿಂದಲೇ ಆ ಅಳು ಇತ್ತು, ನಾನು ಅದನ್ನು ಮುದಿ ಸೈಕಲ್ಲಿನ ಸ್ವಭಾವ ಅಂದುಕೊಂಡಿದ್ದೆ. ಬೋರಣ್ಣ ಬೇಲಿಯಾಚೆಯಿಂದ ಬಗ್ಗಿ ನೋಡಿದ.

"ಅಳೋ ಚಕ್ರಕ್ಕೆ ಕೀಲೆಣ್ಣೆ ಆಕಕ್ಕಾ. ಎತ್ತು ಎಳುದ್ರೇನು, ಎಂಗ್ಸು ತುಳುದ್ರೇನು, ಚಕ್ರ ಚಕ್ರಾನೇ."

ಗಾಡಿಯ ಅಚ್ಚಿಗೆ ಹಾಕುವ ಆ ಕಪ್ಪು ಜಿಡ್ಡನ್ನು ಒಂದು ಬಿದಿರ ಕೊಳವೆ ತುಂಬ ಕೊಟ್ಟ. ಗಾಡಿಯಲ್ಲಿ ಅಳುವುದು ಅಚ್ಚು. ಇಲ್ಲಿ ಅಚ್ಚಿಗೆ ಹಾಕಿದರೂ ಅಳು ನಿಲ್ಲಲಿಲ್ಲ. ಕಿವಿಯಿಟ್ಟು ಕೇಳಿದೆ, ಅಳು ಬರುತ್ತಿದ್ದದ್ದು ಚಕ್ರದ ಕಬ್ಬಿಣದ ಬಳೆಗೆ ಬ್ರೇಕಿನ ರಬ್ಬರು ತಾಗುವ ಜಾಗದಿಂದ. ಸರಿ, ಎರಡು ಚಕ್ರದ ಬಳೆಗೂ, ನಾಲ್ಕು ರಬ್ಬರಿಗೂ, ಬಾಣಂತಿಗೆ ಎಣ್ಣೆ ಹಚ್ಚಿದ ಹಾಗೆ ಹಚ್ಚಿದೆ. ಚಕ್ರ ಸದ್ದಿಲ್ಲದೆ ತಿರುಗಿತು. "ನಮ್ ಬುದ್ಧಿ ಓದ್ದೋರಿಗೆಲ್ಲಿ ಬತ್ತದೆ" ಅಂದ ಬೋರಣ್ಣ. ನಾನೂ ಒಪ್ಪಿದೆ.

ಮರುದಿನ ಕೋಳಿ ಕೂಗುತ್ತಲೇ ಹಾಲು ಕರೆದು ಹೊರಟೆ. ಮಂಜು ಎಷ್ಟಿತ್ತೆಂದರೆ ಮುಂದಿನ ಚಕ್ರವೇ ಕಾಣುತ್ತಿರಲಿಲ್ಲ. ಆದರೆ ಸೈಕಲ್ಲು ಹಿಂದೆಂದೂ ಹೋಗದ ಹಾಗೆ ಹೋಯಿತು. ನಾನೇ ತುಳಿಯುತ್ತಿದ್ದೇನೋ ಅದೇ ನನ್ನನ್ನು ಹೊತ್ತುಕೊಂಡು ಹೋಗುತ್ತಿದೆಯೋ ತಿಳಿಯಲಿಲ್ಲ. ಆಲದ ಮರದ ಏರು ಬಂತು. ಹಲ್ಲು ಕಚ್ಚಿದೆ. ಅರ್ಧ ಬಂತು, ತೊಡೆ ಕಲ್ಲಾಗಲಿಲ್ಲ. ಮುಕ್ಕಾಲು ಬಂತು, ಉಸಿರು ಇನ್ನೂ ಇತ್ತು. ಮರದ ಬಿಳಲು ಮುಖಕ್ಕೆ ಹೊಡೆದಾಗಲೇ ಗೊತ್ತಾದದ್ದು, ನಾನು ಕೂತೇ ಹತ್ತಿಬಿಟ್ಟಿದ್ದೇನೆ! ಮದುವೆಯ ದಿನ, ಮಗ ಹುಟ್ಟಿದ ದಿನ, ಇವೆಲ್ಲ ಇರಲಿ. ನನಗೆ ನಿಜವಾಗಿ ಹೆಮ್ಮೆ ಆದದ್ದು ಆ ಮರದ ಕೆಳಗೆ.

ಹೆಮ್ಮೆ ಅಲ್ಲಿಂದ ಇಳಿಜಾರಿಗೆ ತಿರುಗಿತು. ಬ್ರೇಕು ಹಿಡಿದೆ. ಹಿಡಿದದ್ದು ಕೈಗೆ ಗೊತ್ತಾಯಿತು, ಚಕ್ರಕ್ಕೆ ಗೊತ್ತಾಗಲಿಲ್ಲ. ಗಟ್ಟಿಯಾಗಿ ಹಿಡಿದೆ. ಕೀಲೆಣ್ಣೆ ತನ್ನ ಕೆಲಸವನ್ನು ಬಹಳ ನಿಯತ್ತಾಗಿ ಮಾಡುತ್ತಿತ್ತು. ಆಮೇಲೆ ನಾನು ಮಾಡಿದ್ದು ಎರಡೇ ಕೆಲಸ, ಬೆಲ್ಲು ಬಾರಿಸುವುದು ಮತ್ತು ಕೂಗುವುದು. "ದಾರಿ ಬುಡ್ರಪ್ಪೋ! ದಾರಿ ಬುಡ್ರೋ!" ಮಂಜಿನೊಳಗಿಂದ ಒಬ್ಬ, "ಯಾವ್ದೋ ದೆವ್ವ ಕಣ್ಲಾ, ಓಡ್ಲಾ!" ಅಂದದ್ದು ಕೇಳಿಸಿತು. ಯಾವುದೋ ಕೋಳಿ ಹಾರಿತು. ಹೊಳೆಯ ತಂಪು ಮುಖಕ್ಕೆ ಬಂತು, ಅಂದರೆ ಊರು ಬಂತು. ಹೊಳೆಗೇ ಹೋಗಿ ಬೀಳುತ್ತೇನೋ ಅನ್ನುವಾಗ ಬ್ಯಾರನ್ನಿನ ಗೇಟು ತೆರೆದಿರುವುದು ಕಂಡಿತು. ಅದರ ಒಳಗೆ, ಆಳೆತ್ತರಕ್ಕೆ, ಬಿಸಾಕಿದ ಪುಡಿಸೊಪ್ಪಿನ ರಾಶಿ. ನನಗೆ ಬೋರಣ್ಣನ ಬಣವೆ ನೆನಪಾಯಿತು. ಕಲಿತ ವಿದ್ಯೆ ಯಾವತ್ತೂ ದಂಡವಲ್ಲ. ನೇರವಾಗಿ ನುಗ್ಗಿದೆ.

ರಾಶಿಯೊಳಗಿಂದ ಐದಾರು ಸಲ ಸೀನಿ ಹೊರಗೆ ಬಂದಾಗ ಅಂಗಳದಲ್ಲಿ ಯಾರೂ ಇರಲಿಲ್ಲ. ಸೀರೆ ಕೊಡವಿ ಚಾಪೆ ಮೇಲೆ ಕೂತೆ. ಎಲೆ ಮುಟ್ಟಿದೆ. ರೇಷ್ಮೆ. ಸಿದ್ದೇಗೌಡರು ಹಲ್ಲುಜ್ಜುವ ಕಡ್ಡಿ ಕಚ್ಚಿಕೊಂಡು ಬರುವ ಹೊತ್ತಿಗೆ ಹನ್ನೆರಡು ಕಟ್ಟು ಆಗಿತ್ತು. ಕಡ್ಡಿ ಬಾಯಿಂದ ಬಿತ್ತು.

"ಎಂಗ್ ಬಂದ್ಯವ್ವ ಈ ಮಂಜ್ನಾಗೆ?"

"ಸೈಕಲ್ನಾಗೆ. ಎಲ್ಲೂ ನಿಲ್ಲದೆ ಬಂದೆ."

ಅದು ಸುಳ್ಳಲ್ಲ. ಚೆನ್ನವ್ವ ಕಣ್ಣುಜ್ಜಿಕೊಂಡು ಬಂದಳು. "ಈಗ ಎದ್ದೇನವ್ವಾ? ವಯಸ್ಸಾಯ್ತು, ಮಲಗ್ಬಾರ್ದಾಗಿತ್ತಾ?" ಅಂದೆ. ಎರಡನೇ ಚಾಪೆಗೆ ಹೋಗಿ ಕೂತಳು. ಮಧ್ಯಾಹ್ನ ಬಂದ ವ್ಯಾಪಾರಿ ಒಂದೊಂದೇ ಕಟ್ಟು ಮೂಸಿ, ಒಂದನ್ನೂ ಪಕ್ಕಕ್ಕಿಡದೆ ಎಲ್ಲವನ್ನೂ ಎತ್ತಿಸಿಕೊಂಡು ಹೋದ. ಅಂದಿನಿಂದ ಬ್ಯಾರನ್ನು ಬಿಡುವವರೆಗೆ ಮೊದಲನೇ ಚಾಪೆ ನನ್ನದೇ. ಆ ಮಂಜಿನಲ್ಲಿ ಆಲದ ಮರದ ಇಳಿಜಾರನ್ನು ಬ್ರೇಕು ಹಿಡಿಯದೆ ಇಳಿದ ಧೈರ್ಯಗಾತಿ ಅಂತ ಹೋಬಳಿಯೆಲ್ಲ ಹೆಸರಾಯಿತು.

ಆ ಸಂಜೆ ವಾಪಸ್ಸು ಬರುವಾಗ ಏರಿಳಿತವೆಲ್ಲ ನಡೆದೇ ಬಂದು, ಅರಕಲಗೂಡಿನ ಸೈಕಲ್ ಷಾಪಿನವನಿಗೆ ತೋರಿಸಿದೆ. ಅವನು ಕೀಲೆಣ್ಣೆ ನೋಡಿ ನಕ್ಕ, ಹಗ್ಗ ನೋಡಿ ನಗು ನಿಲ್ಲಿಸಿದ.

"ಅಮ್ಮಾ, ಈ ಅಗ್ಗ ಬ್ರೇಕ್ನ ಎಳ್ದು ಇಡ್ಕಂಡೈತೆ. ಎಷ್ಟು ದಿವ್ಸದಿಂದ ಐತೆ?"

"ಕಲಿತಾಗ್ಲಿಂದ."

"ಅಂಗಾದ್ರೆ ಇಷ್ಟ್ ದಿನಾನೂ ಬ್ರೇಕ್ ಆಕ್ಕಂಡೇ ತುಳ್ದಿದೀರಾ! ಗಾಳಿಗೂ, ಮಳೆಗೂ, ಏರಿಗೂವೆ!"

ಗಾಳಿಯನ್ನು ಬೈದಿದ್ದೆ, ಕಂಬಳಿಯನ್ನು ಬೈದಿದ್ದೆ, ಆಲದ ಮರಕ್ಕೆ ಶಾಪ ಹಾಕಿದ್ದೆ. ಬೈಯಬೇಕಾದವಳೊಬ್ಬಳನ್ನು ಬಿಟ್ಟು. ಅವನು ಹಗ್ಗ ಕತ್ತರಿಸಿ, ಸೀಮೆಎಣ್ಣೆಯಲ್ಲಿ ಚಕ್ರ ಒರೆಸಿ ಕೊಟ್ಟ. ಯಾರಿಗೂ ಹೇಳಬೇಡ ಅಂತ ಮೂರು ದಿನ ಗಟ್ಟಿ ಮೊಸರು ಕೊಟ್ಟೆ.

ಬ್ರೇಕು ಬಿಟ್ಟ ಸೈಕಲ್ಲಿಗೆ ಯಾವ ಏರೂ ಏರಲ್ಲ. ಮುಂದಿನ ಭಾನುವಾರ ಹಾಸನಕ್ಕೇ ಹೋದೆ, ಇಪ್ಪತ್ತು ಮೈಲಿ ಹತ್ತಿರ ಹತ್ತಿರ, ಎಲ್ಲೂ ಇಳಿಯದೆ. ಮಗ ರೂಮಿನ ಬಾಗಿಲು ತೆರೆದು, ನನ್ನನ್ನು ನೋಡಿ, ನನ್ನ ಹಿಂದೆ ಬಸ್ಸು ಹುಡುಕಿದ. ಆಮೇಲೆ ಸೈಕಲ್ಲಿನ ಸುತ್ತ ಒಂದು ಸುತ್ತು ಬಂದು, ಬಗ್ಗಿ, ಬ್ರೇಕಿನ ಕಡ್ಡಿಯಲ್ಲಿ ಸಿಕ್ಕಿಕೊಂಡಿದ್ದ ತೆಂಗಿನ ನಾರನ್ನು ಉಗುರಿನಲ್ಲಿ ಕಿತ್ತ.

"ಅವ್ವ, ಇಲ್ಲಿ ಯಾರೋ ಹಗ್ಗ ಕಟ್ಟಿದ್ದ ಹಾಗಿದೆಯಲ್ಲ. ಯಾರು ಕಟ್ಟಿದ್ದು?"

"ನಿಮ್ಮಪ್ಪ" ಅಂದೆ.

ಅವರಪ್ಪ ಸತ್ತು ಆರು ವರ್ಷ, ಸೈಕಲ್ಲು ಮನೆಗೆ ಬಂದು ಎರಡು. ಮಗ ಗುಮಾಸ್ತ, ಕೂಡಿಸಿ ಕಳೆಯುವುದೇ ಅವನ ಕಸುಬು. ಒಂದು ಗಳಿಗೆ ನನ್ನ ಮುಖವನ್ನೇ ನೋಡಿದ. ಆಮೇಲೆ, ಪಾಪ ಅವ್ವ ಓದಿಲ್ಲ ಅಂದುಕೊಂಡನೋ ಏನೋ, ಕಾಫಿ ತರಲು ಒಳಗೆ ಹೋದ.