ಲ್ಯಾಪ್‌ಟಾಪಿನ ಮನೆತನ ವಿಚಾರಿಸಿದ್ದು

ನಮ್ಮ ಬಳಗದಲ್ಲಿ ಯಾರ ಮನೆಯ ಹೆಣ್ಣುಮಗಳಿಗೆ ವರ ನೋಡುವುದಿದ್ದರೂ ಮೊದಲು ನನಗೆ ಹೇಳಿ ಕಳಿಸುತ್ತಾರೆ. ಹುಡುಗನ ಮನೆತನ ವಿಚಾರಿಸುವ ಕೆಲಸ ನನ್ನದು. ಹೊಟ್ಟೆಪಾಡಿಗೆ ನಾನು ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಗುಮಾಸ್ತ. ಆದರೆ ನನ್ನ ನಿಜವಾದ ಪ್ರತಿಭೆ ಇರುವುದು ಈ ವಿಚಾರಣೆಯಲ್ಲಿ ಎಂದು ವಿನಯದಿಂದಲೇ ನಂಬಿದ್ದೆ. ಹುಡುಗ ಯಲಬುರ್ಗಿಯವನಿರಲಿ, ಹನುಮಸಾಗರದವನಿರಲಿ, ಅವನ ಮನೆಗೆ ನಾನು ಕಾಲಿಡುವುದಿಲ್ಲ. ಅವನ ಓಣಿಯ ಚಹಾದಂಗಡಿಯಲ್ಲಿ ಕೂರುತ್ತೇನೆ. ಪಕ್ಕದ ಕಿರಾಣಿ ಅಂಗಡಿಯಲ್ಲಿ ಬೇಡದಿದ್ದರೂ ಒಂದು ಬೆಂಕಿಪೊಟ್ಟಣ ಕೊಳ್ಳುತ್ತೇನೆ. ಅಗತ್ಯ ಬಿದ್ದರೆ ಅಲ್ಲೇ ಕ್ಷೌರವನ್ನೂ ಮಾಡಿಸಿಕೊಳ್ಳುತ್ತೇನೆ. ಒಂದೇ ವಾರದಲ್ಲಿ ಎರಡು ಸಂಬಂಧ ಬಂದರೆ ನನ್ನ ತಲೆಯ ಗತಿ ಏನಾಗಬೇಕು ನೀವೇ ಹೇಳಿ!

ಇಂಥ ಪರಿಣತನ ಮನೆಗೇ ಒಂದು ಲ್ಯಾಪ್‌ಟಾಪ್ ಬೇಕಾಯಿತು.

ನನ್ನ ಹೆಂಡತಿ ಗಿರಿಜಾ ಹೇಮಗುಡ್ಡದ ದಾರಿಯಲ್ಲಿರುವ ಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಾಳೆ. ಆ ವರ್ಷ ಅವಳಿಗೊಂದು ಮಾದರಿ ಪಾಠ ಮಾಡುವ ಜವಾಬ್ದಾರಿ ಬಂದಿತ್ತು. ಬೇರೆ ತಾಲ್ಲೂಕುಗಳ ಶಿಕ್ಷಕರೂ ಬಂದು ಹಿಂದೆ ಕುಳಿತು ನೋಡುತ್ತಾರೆ. ಅವಳು ಹೃದಯದ ಪಾಠ ಆರಿಸಿಕೊಂಡಳು. ರಕ್ತ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆಂದು ತೋರಿಸುವ ಚಲಿಸುವ ಚಿತ್ರವನ್ನು, ತಿಂಗಳುಗಟ್ಟಲೆ ಕುಳಿತು, ನಮ್ಮ ಮನೆಯ ಹಳೇ ಕಂಪ್ಯೂಟರಿನಲ್ಲಿ ತಾನೇ ಮಾಡಿದ್ದಳು. ಅದನ್ನು ಶಾಲೆಗೆ ಒಯ್ಯಲು ಲ್ಯಾಪ್‌ಟಾಪ್ ಬೇಕಿತ್ತು.

"ನನಗ ಬಾಕಿ ಏನೂ ಬ್ಯಾಡ್ರಿ," ಎಂದಳು. "ನಮ್ಮ ಸಾಲ್ಯಾಗ ಕರೆಂಟ್ ಯಾವಾಗ ಹೊಕ್ಕೈತಿ ಹೇಳಾಕ ಬರಂಗಿಲ್ಲ. ಒಂದು ಪಿರೇಡ್ ಮುಗಿಯೂತನಾ ಬ್ಯಾಟರಿ ತಡೀಬೇಕು. ಅಷ್ಟ ಸಾಕು."

"ಅದರ ಚಿಂತಿ ನನಗ ಬಿಡು," ಎಂದೆ. "ಎಂತೆಂಥಾ ವರಗಳನ್ನ ವಿಚಾರಿಸಿದವ ನಾ. ಇದೇನ್ ಮಹಾ!"

ಇಂಟರ್ನೆಟ್ಟಿನಲ್ಲಿ ಲ್ಯಾಪ್‌ಟಾಪುಗಳ ಗುಣದೋಷ ಹೇಳುವ ತಾಣಗಳು ಬೇಕಾದಷ್ಟಿವೆ. ಯಾವುದನ್ನು ನಂಬಬೇಕು ಎಂಬುದೇ ಪ್ರಶ್ನೆ. ನಾನು ನನ್ನ ಶಾಸ್ತ್ರವನ್ನು ಅವುಗಳಿಗೆ ಅನ್ವಯಿಸಿದೆ. ಮೊದಲನೇ ತಾಣ ಎಲ್ಲವನ್ನೂ ಹೊಗಳುತ್ತಿತ್ತು. ಇದು ಹುಡುಗನ ಸೋದರಮಾವ, ನಂಬಬಾರದು! ಎರಡನೆಯದು ಎಲ್ಲವನ್ನೂ ಬೈಯುತ್ತಿತ್ತು. ಇದು ಹೊಲದ ಬದುವಿಗಾಗಿ ಜಗಳಾಡಿದ ದಾಯಾದಿ, ಇದನ್ನೂ ನಂಬಬಾರದು. ಇಷ್ಟರ ಮಟ್ಟಿಗೆ ನನ್ನ ಶಾಸ್ತ್ರ ಸರಿಯಾಗಿಯೇ ಇತ್ತೆಂದು ಈಗಲೂ ಹೇಳುತ್ತೇನೆ.

ಎಡವಿದ್ದು ಮೂರನೆಯದರಲ್ಲಿ. ಅದನ್ನು ತೋರಿಸಿದವಳು ಗಿರಿಜಾ.

"ಇಲ್ಲಿ ನೋಡ್ರಿ, ಇವ್ರು ಒಂದು ಲ್ಯಾಪ್‌ಟಾಪ್ ಸ್ವಂತ ರೊಕ್ಕಾ ಕೊಟ್ಟು ತಗೊಂಡು, ಭಾಳ ದಿನಾ ಬಳಸಿ ಬರ್ದಾರ. ಬ್ಯಾಟರಿ ಹ್ಯಾಂಗ ಅಳದೀವಿ ಅಂತನೂ ಹೇಳ್ಯಾರ. ಕೀಬೋರ್ಡ್ ಛಲೋ ಐತಂತ, ಬ್ಯಾಟರಿ ಸುಮಾರಂತ."

ನಾನು ಕನ್ನಡಕ ಏರಿಸಿ ನೋಡಿದೆ. ಪುಟದ ತುಂಬ ಗೆರೆಗಳು, ನಕ್ಷೆಗಳು. ನನಗೆ ಒಂದೂ ಅರ್ಥವಾಗಲಿಲ್ಲ. ನನಗೆ ಅರ್ಥವಾಗದ್ದು ಪ್ರಾಮಾಣಿಕವಾಗಿರಲು ಹೇಗೆ ಸಾಧ್ಯ?

"ಒಂದು ಕಡೆ ಛಲೋ ಅಂತಾರ, ಇನ್ನೊಂದು ಕಡೆ ಸುಮಾರಂತಾರ. ಎರಡು ನಾಲಿಗಿ ಮಂದಿ ಇವ್ರು. ಮ್ಯಾಲೆ ಸ್ವಂತ ರೊಕ್ಕಾ ಕೊಟ್ಟು ತಂದು ಯಾರರ ಅದಕ್ಕ ಹೆಸರಿಡ್ತಾರೇನು, ತಪ್ಪು ಹುಡಕ್ತಾರೇನು? ಇದರಾಗ ಏನೋ ಐತಿ!"

ಹಾಗಾದರೆ ನಾನು ನಂಬಿದ್ದು ಯಾರನ್ನು? ಅದೇ ಲ್ಯಾಪ್‌ಟಾಪ್ ಮಾರುವವರ ಪುಟದ ಕೆಳಗೆ ಕೊಂಡವರು ಬರೆದ ಅಭಿಪ್ರಾಯಗಳನ್ನು. ಅದೇ ನನ್ನ ಚಹಾದಂಗಡಿ. ಅಲ್ಲಿ ಒಬ್ಬ ಬರೆದಿದ್ದ: "ಬ್ಯಾಟರಿ ಇಡೀ ದಿನ ಬರುತ್ತದೆ, ನನ್ನ ಹೆಂಡತಿಗೆ ಬಹಳ ಸಂತೋಷವಾಗಿದೆ." ಅವನ ಕೆಳಗಿನವನ ಹೆಂಡತಿಗೂ ಬಹಳ ಸಂತೋಷ. ಅದರ ಕೆಳಗಿನವನದೂ ಅಕ್ಷರ ತಪ್ಪದೆ ಅದೇ ಮಾತು. ಊರಿಗೂರೇ ಹೆಂಡಂದಿರು ಸಂತೋಷವಾಗಿರುವ ಇಂಥ ಜಾಗ ನಾನು ಕಂಡಿರಲಿಲ್ಲ!

"ನೋಡು, ಹತ್ತು ಬಾಯಾಗ ಒಂದ ಮಾತು ಬಂತಂದ್ರ ಅದು ಖರೇ," ಎಂದೆ.

"ಒಂದ ಬಾಯಿ ಹತ್ತು ಸರ್ತಿ ಮಾತಾಡಿದ್ರ?" ಎಂದಳು ಗಿರಿಜಾ. ಆದರೂ ನನ್ನ ಹುರುಪು ನೋಡಿ ಸುಮ್ಮನಾದಳು. ಅವಳ ದೊಡ್ಡ ದೋಷವೇ ಅದು, ನಾನು ಹುರುಪಿನಲ್ಲಿದ್ದರೆ ಅಡ್ಡ ಬರುವುದಿಲ್ಲ.

ಲ್ಯಾಪ್‌ಟಾಪ್ ಬಂತು. ಪೆಟ್ಟಿಗೆ ಬಂದ ಸ್ವಲ್ಪ ಹೊತ್ತಿಗೆ, ನಿಮ್ಮ ಅಭಿಪ್ರಾಯ ತಿಳಿಸಿ ಎಂಬ ಸಂದೇಶವೂ ಬಂತು. ಹೊಸ್ತಿಲು ತುಳಿದ ಅಳಿಯನನ್ನು ಯಾರಾದರೂ ಬೈಯುತ್ತಾರೆಯೇ? ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ಹಿರಿಯರೇ ಹೇಳಿದ್ದಾರೆ. ಐದಕ್ಕೆ ಐದು ನಕ್ಷತ್ರ ಒತ್ತಿ, "ಬ್ಯಾಟರಿ ಅಮೋಘ, ಕರೆಂಟಿಲ್ಲದ ಊರುಗಳಿಗೆ ವರಪ್ರಸಾದ" ಎಂದು ಬರೆದು, ಕೆಳಗೆ ಹೆಮ್ಮೆಯಿಂದ ‘ಗಂಗಾವತಿಯ ಗ್ರಾಹಕ’ ಎಂದು ಸೇರಿಸಿದೆ. ಆಮೇಲೆ ಕತ್ತರಿ ಹುಡುಕಲು ಹೋದೆ. ಪೆಟ್ಟಿಗೆ ಬಿಚ್ಚಬೇಕಿತ್ತಲ್ಲ!

ಬ್ಯಾಟರಿ ಒಮ್ಮೆ ಪರೀಕ್ಷಿಸೋಣ ಎಂದು ಗಿರಿಜಾ ಅಂದಾಗಲೆಲ್ಲ ನಾನು ತಡೆದೆ. ಅದನ್ನು ಮನೆಯಲ್ಲಿ ವೃಥಾ ಸವೆಸಬಾರದು, ಮಾದರಿ ಪಾಠಕ್ಕೇ ಮುಡಿಪಾಗಿಡಬೇಕು ಎಂಬುದು ನನ್ನ ಆದೇಶ. ಹಾಗಾಗಿ ಮನೆಯಲ್ಲಿ ಲ್ಯಾಪ್‌ಟಾಪ್ ಸದಾ ಗೋಡೆಗೆ ಕಟ್ಟಿದ ಕರುವಿನಂತೆ ಚಾರ್ಜರಿನಲ್ಲೇ ಇತ್ತು.

ಪಾಠದ ದಿನ ನಾನೂ ಹೋದೆ. ಗಿರಿಜಾ ಇಳಕಲ್ ಸೀರೆ ಉಟ್ಟಿದ್ದಳು. ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು ಮಕ್ಕಳನ್ನು ಸುತ್ತ ಕೂಡ್ರಿಸಿದಳು. ಹಿಂದಿನ ಬೆಂಚುಗಳಲ್ಲಿ ಶಿಕ್ಷಕರು. ಅವರ ನಡುವೆ, ಕನ್ಯಾದಾನ ಮಾಡಿದ ಗತ್ತಿನಲ್ಲಿ ನಾನು. ಪಾಠ ಶುರುವಾದ ಸ್ವಲ್ಪದರಲ್ಲೇ ಕರೆಂಟು ಹೋಯಿತು. ಫ್ಯಾನು ನಿಂತಿತು. ನಾನು ಸುತ್ತಲೂ ನೋಡಿ ಮುಗುಳ್ನಕ್ಕೆ. ಈಗ ನೋಡಿ ನಮ್ಮ ಆಯ್ಕೆಯನ್ನು!

ಪರದೆಯ ಮೇಲೆ ಹೃದಯ ಹಿಗ್ಗಿತು, ಕುಗ್ಗಿತು. ನೀಲಿ ಬಣ್ಣದ ರಕ್ತ ಮೆಲ್ಲಗೆ ಹೃದಯದೊಳಗೆ ಬಂತು. ಮಕ್ಕಳು ಉಸಿರು ಬಿಗಿಹಿಡಿದು ಬಗ್ಗಿದರು. ಅಷ್ಟರಲ್ಲಿ ಪರದೆ ಕಪ್ಪಾಯಿತು.

ರಕ್ತ ಒಳಗೆ ಬಂದಿತ್ತು. ಹೊರಗೆ ಹೋಗಲಿಲ್ಲ!

ಗಿರಿಜಾ ಒಂದು ಗುಂಡಿ ಒತ್ತಿದಳು, ಇನ್ನೊಂದು ಒತ್ತಿದಳು. ಸೆರಗಿನಿಂದ ಹಣೆ ಒರೆಸಿಕೊಂಡಳು. ನನ್ನ ಕಡೆ ನೋಡಲಿಲ್ಲ. ಅವಳು ನೋಡದೇ ಇದ್ದದ್ದಕ್ಕೇ ನನಗೆ ಹೆಚ್ಚು ಸಂಕಟವಾಯಿತು. ಆ ಚಿತ್ರಕ್ಕಾಗಿ ಅವಳು ಎಷ್ಟು ಕಣ್ಣು ನೋಯಿಸಿಕೊಂಡಿದ್ದಳೆಂದು ಆ ಕೋಣೆಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಆಮೇಲೆ ಅವಳು ಸೀಮೆಸುಣ್ಣ ತಗೊಂಡು ಹಲಗೆಯ ಮೇಲೆ ಚಿತ್ರ ಬರೆದು, "ಎಲ್ರೂ ಮಣಿಕಟ್ಟ ಹಿಡ್ಕೊರ್ರಿ, ನಾಡಿ ಬಡಿಯೂದು ಗೊತ್ತಾಕ್ಕೈತೇನ್ ನೋಡ್ರಿ" ಎಂದು ಪಾಠ ಮುಗಿಸಿದಳು. ಶಿಕ್ಷಕರು ಮೆಚ್ಚಿದರು. ಆದರೆ ಹೊರಗೆ ಹೋಗುವಾಗ ಹುಡುಗಿಯರು ಕೇಳಿಯೇಬಿಟ್ಟರು: "ಟೀಚರ್, ಆ ರಕ್ತ ಅಲ್ಲೇ ನಿಂತೈತೇನ್ರಿ?"

"ನಿಂತಿಲ್ಲ. ತೋರಸ್ತೀನಿ," ಎಂದಳು ಗಿರಿಜಾ. ದನಿ ಮಾತ್ರ ಸ್ವಲ್ಪ ಸಣ್ಣದಾಗಿತ್ತು.

ಆಮೇಲೆ ಉಪ್ಪಿಟ್ಟು, ಚಹಾ. ಕುಷ್ಟಗಿಯಿಂದ ಬಂದಿದ್ದ ನೀಲಮ್ಮ ಟೀಚರ್ ತಟ್ಟೆ ಹಿಡಿದುಕೊಂಡು ಗಿರಿಜಾಳ ಹತ್ತಿರ ಬಂದರು.

"ಅಕ್ಕಾರ, ನಾನೂ ಇದ ಲ್ಯಾಪ್‌ಟಾಪ್ ತರಸಾಕ ಹೇಳೀನ್ರಿ. ನಾಳಿ ಬರೂದೈತಿ. ಬ್ಯಾಟರಿ ಅಮೋಘ ಅಂತ ಗಂಗಾವತ್ಯಾವ್ರೊಬ್ರು ಬರ್ದಿದ್ರು. ದೂರದ ಮಂದಿ ಬರ್ದಿದ್ರ ನಂಬತಿದ್ದಿಲ್ಲ. ನಮ್ಮ ಕಡ್ಯಾವ್ರು ಸುಳ್ಳು ಬರೀತಾರೇನ್ರಿ?"

ನಾನು ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟೆ. ಗಿರಿಜಾ ಈಗ ನನ್ನ ಕಡೆ ನೋಡಿದಳು.

"ಬರ್ದಾವ ನಾನರೀ," ಎಂದೆ.

"ನೀವರಿ?" ನೀಲಮ್ಮನವರಿಗೆ ಗೌರವವೇ ಮೂಡಿತು. "ಎಷ್ಟು ದಿನಾ ಬಳಸಿ ಬರದ್ರಿ ಸರ?"

"ಪೆಟ್ಟಿಗಿ ಬಿಚ್ಚಿದ್ದಿಲ್ರಿ."

ಗೌರವ ಹೊರಟುಹೋಯಿತು! ಬಂದ ಕೂಡಲೇ ಅದನ್ನು ವಾಪಸ್ ಕಳಿಸಿರೆಂದು ನಾನೇ ಕೈಮುಗಿದು ಹೇಳಿದೆ. ಅವರದು ವಾಪಸ್ ಹೋಯಿತು. ನಮ್ಮದನ್ನು ವಾಪಸ್ ಕೊಡುವ ಗಡುವು, ನಾನು ಬ್ಯಾಟರಿಯನ್ನು ಮುಡಿಪಾಗಿಟ್ಟ ದಿನಗಳಲ್ಲೇ ಮುಗಿದಿತ್ತು.

ಮನೆಗೆ ಬಂದು, ಪ್ರಾಯಶ್ಚಿತ್ತವಾಗಿ ಮೊದಲಿನ ಅಭಿಪ್ರಾಯ ಅಳಿಸಿ ನಿಜ ಬರೆದು ಕಳಿಸಿದೆ: "ಬ್ಯಾಟರಿ ಒಂದು ಪಿರಿಯಡ್ ಕೂಡ ಬರುವುದಿಲ್ಲ. ಹಿಂದೆ ಬರೆದದ್ದು ಸುಳ್ಳು." ಮರುದಿನ ಉತ್ತರ ಬಂತು: ನಿಮ್ಮ ಹೊಸ ಅಭಿಪ್ರಾಯ ನಂಬಲರ್ಹವಾಗಿ ಕಾಣದ ಕಾರಣ ಹಳೆಯದನ್ನೇ ಉಳಿಸಿಕೊಂಡಿದ್ದೇವೆ! ಆ ಸುಳ್ಳು ಇಂದಿಗೂ ಅಲ್ಲಿ ಐದು ನಕ್ಷತ್ರ ಹೊತ್ತು ನಿಂತಿದೆ. ನಾನು ಬರೆದುದರಲ್ಲಿ ಜನ ಮೆಚ್ಚಿದ್ದು ಅದೊಂದನ್ನೇ.

ಆದರೆ ಹೃದಯದೊಳಗೆ ನಿಂತ ರಕ್ತವನ್ನು ಹೊರಗೆ ಕಳಿಸಲೇಬೇಕಿತ್ತು. ನಮ್ಮ ಹಳೇ ಕಂಪ್ಯೂಟರಿಗೆ ಕರೆಂಟು ಹೋದಾಗ ಆಸರೆಯಾಗುತ್ತಿದ್ದ ಯುಪಿಎಸ್ ಪೆಟ್ಟಿಗೆ ನೆನಪಾಯಿತು. ಅದಕ್ಕೆ ಹೊಸ ಬ್ಯಾಟರಿ ಹಾಕಿಸಿದೆ. ಈ ಸಲ ಯಾರ ಅಭಿಪ್ರಾಯವನ್ನೂ ಓದಲಿಲ್ಲ. ಅಡುಗೆಮನೆಯಲ್ಲಿ ಕರೆಂಟಿಲ್ಲದೆ ಅದಕ್ಕೆ ಲ್ಯಾಪ್‌ಟಾಪ್ ಹಚ್ಚಿ, ಗಿರಿಜಾ ರೊಟ್ಟಿ ಬಡಿದು ಮುಗಿಸುವವರೆಗೂ ಮುಂದೆ ಕುಳಿತು ಕಾದೆ. ಈ ಬ್ಯಾಟರಿ ತಡೆಯಿತು. ಗಿರಿಜಾ ಬಿಸಿ ರೊಟ್ಟಿಯೊಂದನ್ನು ನನ್ನ ತಟ್ಟೆಗೆ ಹಾಕಿದಳು.

ಮರುದಿನ ಶಾಲೆಗೆ ಹೋದಾಗ ಕರೆಂಟು ಇರಲಿಲ್ಲ. ನನ್ನ ಪುಣ್ಯ! ಯುಪಿಎಸ್ ಹಚ್ಚಿದೆವು. ಚಿತ್ರ ಶುರುವಾಯಿತು. ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದಿನಲ್ಲಿ ಒಂದು ವಿಷಯ ಮಾತ್ರ ನನ್ನ ಗಮನಕ್ಕೆ ಬಂದಿರಲಿಲ್ಲ: ಕರೆಂಟಿಲ್ಲದಾಗ ಆ ಪೆಟ್ಟಿಗೆ ಸುಮ್ಮನಿರುವುದಿಲ್ಲ, ಕೂಗುತ್ತದೆ. ಪೀಂ… ಪೀಂ… ಪೀಂ…

ನಾನು ನಾಚಿಕೆಯಿಂದ ಅದರ ಮೇಲೆ ಟವೆಲ್ ಮುಚ್ಚಲು ಹೋದೆ.

"ಮುಚ್ಚಬ್ಯಾಡ್ರಿ ಸರ!" ಎಂದು ಹುಡುಗಿಯರು ಕೂಗಿದರು. "ಟೀಚರ್, ಹೃದಯ ಬಡಕೊಳ್ಳಾಕತ್ತೈತ್ರಿ!"

ನೀಲಿ ರಕ್ತ ಒಳಗೆ ಬಂತು, ಕೆಂಪಾಗಿ ಹೊರಗೆ ಹೋಯಿತು. ಮಕ್ಕಳು ಚಪ್ಪಾಳೆ ಹೊಡೆದರು. ಗಿರಿಜಾ ನನ್ನ ಕಡೆ ನೋಡಿ ನಕ್ಕಳು. ಆ ನಗು ನೋಡಿ, ಸುಳ್ಳೇಕೆ, ನನ್ನ ಕಣ್ಣುಗಳು ತುಂಬಿ ಬಂದವು.

ವಾಪಸ್ ಬರುವಾಗ ದಾರಿಯಲ್ಲಿ ಕೇಳಿದೆ, "ಗಿರಿಜಾ, ಲಗ್ನಕ್ಕ ಮೊದಲು ನಿಮ್ಮಪ್ಪಾರು ನನ್ನ ಬಗ್ಗೆ ಯಾರನ್ನ ಕೇಳಿದ್ರು?"

"ನಿಮ್ಮ ಓಣಿ ಚಹಾದಂಗಡ್ಯಾವ್ರನ್ನ."

"ಏನ್ ಹೇಳಿದ್ರಂತ?"

"ಹುಡುಗ ಮಾತು ಕಮ್ಮಿ, ಸಿಟ್ಟಂದ್ರ ಗೊತ್ತಿಲ್ಲ, ಮನ್ಯಾಗ ಏನ ಕೆಟ್ಟರೂ ತಾನ ರಿಪೇರಿ ಮಾಡ್ತಾನಂತ."

ಮೂರೂ ಶುದ್ಧ ಸುಳ್ಳು! ಆ ಮನುಷ್ಯ ನನ್ನ ಪೆಟ್ಟಿಗೆ ಬಿಚ್ಚದೆಯೇ ಬರೆದಿದ್ದ.

"ಮತ್ತ ಯಾಕ ವಾಪಸ್ ಕಳಸ್ಲಿಲ್ಲ?"

"ಕೆಲವು ಚಾರ್ಜರಿಗೆ ಹಚ್ಚಿಟ್ರ ಛಲೋ ನಡೀತಾವ್ರಿ," ಎಂದಳು. "ಹಚ್ಚೇ ಇಟ್ಟೀನಿ."

ನನಗೆ ಧೈರ್ಯ ಬಂತು. "ಹಂಗಾದ್ರ ಎಷ್ಟು ನಕ್ಷತ್ರ ಕೊಡ್ತಿ?"

"ಅವಸರ ಮಾಡಿ ಬರೀಬಾರ್ದ್ರಿ. ಇನ್ನಾ ಬಳಸಿ ನೋಡಾಕತ್ತೀನಿ. ಆ ಯುಪಿಎಸ್ ಗಟ್ಟಿ ಹಿಡ್ಕೊರ್ರಿ, ಮುಂದ ತೆಗ್ಗೈತಿ."

ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಗಾಡಿ ಓಡಿಸುತ್ತಿದ್ದವಳು ಅವಳು. ನಾನು ಹಿಂದಿನ ಸೀಟಿನಲ್ಲಿ, ಬ್ಯಾಟರಿಯ ಜೊತೆ ಇದ್ದೆ!