ಜಗತ್ತನ್ನೇ ಊಟಕ್ಕೆ ಕರೆಯುವ ಅತ್ತೆ

ಲೋಕದ ನ್ಯಾಯ-ಅನ್ಯಾಯದ ವಿಚಾರಣೆ ವಿದೇಶದ ಯಾವುದೋ ದೊಡ್ಡ ಕಟ್ಟಡದಲ್ಲಿ ನಡೆಯುತ್ತದೆಂದು ನೀವು ನಂಬಿದ್ದರೆ, ಪಾಪ, ನಿಮಗೆ ನಮ್ಮ ಸೋದರತ್ತೆ ಗೊತ್ತಿಲ್ಲ! ಅದು ಇಂಗಳೇಶ್ವರದ ಆಕೆಯ ದೇವರಮನೆಯಲ್ಲಿ ದಿನಾ ನಡೆಯುತ್ತದೆ. ಆರೋಪಿಯ ಜಾಗದಲ್ಲಿ ಸಾಕ್ಷಾತ್ ದೇವರೇ ಇರುತ್ತಾನೆ.

ಟಿವಿಯಲ್ಲಿ ಯಾವುದೋ ದೇಶದ ಯುದ್ಧ ಕಂಡ ಮರುದಿನವೇ ಅಮಾವಾಸ್ಯೆ. ಅತ್ತೆ ವಾಡಿಕೆಯ ಹೋಳಿಗೆ ಮಾಡಲಿಲ್ಲ. ಒಣರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಎಡೆ ಇಟ್ಟು ದೇವರನ್ನೇ ತರಾಟೆಗೆ ತೆಗೆದುಕೊಂಡಳು.

“ಅಲ್ಲಿ ಕೂಸುಗೋಳು ಉಪಾಸ ಅದಾವು, ನಿನಗ್ಯಾಕೋ ಯಪ್ಪಾ ಹೋಳಿಗಿ?”

ಭಿಕ್ಷೆಗೆ ಬಂದ ಅಯ್ಯನವರು ದೇವರಿಗೆ ಹೀಗೆಲ್ಲ ಮಾಡಬಾರದು ಎಂದು ತಿಳಿಹೇಳಲು ಹೋದರು. ಅವರ ಜೋಳಿಗೆಗೂ ಅದೇ ಒಣರೊಟ್ಟಿ ಬಿತ್ತು! ಮುಂದಿನ ಅಮಾವಾಸ್ಯೆಗೆ ಅವರು ಬೇರೆ ಓಣಿ ಹಿಡಿದರು.

ಇನ್ನು ಆಕೆಯ ಊಟ. ಮಧ್ಯಾಹ್ನ ಉಣ್ಣುವ ಮೊದಲು ಬಾಗಿಲಿಗೆ ಬಂದು ಹಸಿದವರನ್ನು ಕೂಗಿ ಕರೆಯಬೇಕು, ಆಮೇಲೆ ತಾನು ಕೂರಬೇಕು. ಅದು ಆ ಮನೆತನದ ದಾಸೋಹದ ನೇಮ. ಮೊದಲು ಓಣಿಗಷ್ಟೇ ಕರೆಯುತ್ತಿದ್ದಳು. ಸುದ್ದಿ ನೋಡುವ ಚಟ ಹತ್ತಿದ ಮೇಲೆ ಓಣಿ ಸಾಲದಾಯಿತು. ನಾನು ಸಿಂದಗಿಯಲ್ಲಿ ಭೂಗೋಳ ಕಲಿಸುವ ಮಾಸ್ತರ ನೋಡಿ, ಯುದ್ಧದ ದೇಶ ಯಾವ ದಿಕ್ಕಿಗಿದೆ ಎಂದು ನನ್ನನ್ನೇ ಕೇಳಿದಳು. ಪಡುವಣಕ್ಕೆ ಎಂದೆ. ಬಹಳ ದೂರ ಎಂದು ಸೇರಿಸಿದ್ದೇ ತಪ್ಪಾಯಿತು, ಅಂದಿನಿಂದ ದನಿ ಇಮ್ಮಡಿಯಾಯಿತು! ಆ ದೇಶದವರು ಯಾರೂ ಬರಲಿಲ್ಲ. ಕರೆಂಟಿನ ಮೀಟರ್ ನೋಡಲು ಬಂದವನು ಸಿಕ್ಕಿಬಿದ್ದ. ಉಂಡೇ ಬಂದಿದ್ದೇನೆಂದು ಅವನು ಎಷ್ಟು ಬೇಡಿಕೊಂಡರೂ, ಎರಡು ರೊಟ್ಟಿ ಮುರಿದ ಮೇಲೆಯೇ ಮೀಟರಿನ ದರ್ಶನ.

ಇಷ್ಟು ದೊಡ್ಡ ಲೋಕದಲ್ಲಿ ಒಂದೇ ಒಂದು ಮನೆಗೆ ಕರೆ ಇಲ್ಲ. ಅದು ಪಕ್ಕದ ಮನೆ, ಆಕೆಯ ನೆಗೆಣ್ಣಿಯದು, ಅಂದರೆ ಮೈದುನನ ಹೆಂಡತಿಯದು. ಹೊಲದ ಬದುವಿನ ಮೇಲಿನ ಬೇವಿನ ಗಿಡ ಯಾರದು ಎಂಬ ಜಗಳದಲ್ಲಿ ಇಬ್ಬರಿಗೂ ವರ್ಷಗಟ್ಟಲೆ ಮಾತಿಲ್ಲ. ಪಕ್ಕದ ಮನೆ ಜಗತ್ತಿನೊಳಗೆ ಬರುವುದಿಲ್ಲವೇ ಎಂದು ಒಮ್ಮೆ ಕೆಣಕಿದೆ.

“ಅದು ಬ್ಯಾರೆ ಕೇಸ್ ಐತಿ. ನೀ ಸುಮ್ಕ ಉಣ್ಣು,” ಎಂದಳು.

ಮೊನ್ನೆ ಶ್ರಾವಣದಲ್ಲಿ ನಾನು ಅಲ್ಲಿದ್ದೆ. ನೆಗೆಣ್ಣಿಯ ಗಂಡನಿಗೆ ಎದೆನೋವು ಬಂದು, ಮಗ ವಿಜಯಪುರದ ಆಸ್ಪತ್ರೆಗೆ ಕರೆದೊಯ್ದಿದ್ದ. ಆಕೆ ಒಬ್ಬಳೇ ಉಳಿದಿದ್ದಳು, ಒಲೆ ಹಚ್ಚಿರಲಿಲ್ಲ. ಅತ್ತೆ ಎಂದಿನಂತೆ ಪಡುವಣಕ್ಕೆ ಕೂಗಿ ಬಂದು ತಾಟಿನ ಮುಂದೆ ಕೂತಳು. ತುತ್ತು ಎತ್ತಲು ಆಗಲಿಲ್ಲ. ತಾಟನ್ನೇ ಎತ್ತಿಕೊಂಡು ಪಕ್ಕದ ಮನೆಗೆ ನಡೆದಳು. ಏನು ರಂಪವಾಗುತ್ತದೋ ಎಂದು ನಾನೂ ಹಿಂದೆ ಓಡಿದೆ!

ನೆಗೆಣ್ಣಿ ಕಂಬಕ್ಕೆ ಒರಗಿ ಕೂತಿದ್ದಳು. ತಾಟು ನೋಡಿದಳು, ಅತ್ತೆಯ ಮುಖ ನೋಡಿದಳು.

“ನಿಮ್ಮ ದೂರದ ದೇಶದವರೆಲ್ಲಾ ಉಂಡ್ರೇನ್ ಯಕ್ಕಾ?”

“ಅವರು ಬರೂದು ಇನ್ನೂ ತಡ ಐತಿ. ನೀ ಮೊದಲ ಉಣ್ಣು.”

ಅನ್ನುತ್ತಲೇ ಅತ್ತೆ ರೊಟ್ಟಿ ಮುರಿದು ಆಕೆಯ ಬಾಯಿಗಿಟ್ಟಳು. ಇಬ್ಬರೂ ಅಳುತ್ತಿದ್ದರು. ನನಗೂ ತಡೆದುಕೊಳ್ಳಲಾಗಲಿಲ್ಲ.