ಅಟ್ಟದ ಮೇಲಿರುವ ಆರು ಟೈರುಗಳಿಗೆ ನೂಲು ಪರೀಕ್ಷಕನ ಅಹವಾಲು

ಹುಲ್ಲಹಳ್ಳಿ ಹೋಬಳಿ,
ಜನವರಿ ೧೯೮೧

ಮಾನ್ಯ ಟೈರುಗಳೇ,

ನಂಜನಗೂಡಿನಲ್ಲಿ ಮಾದಪ್ಪನವರ ಪಂಕ್ಚರ್ ಅಂಗಡಿಯ ಅಟ್ಟದ ಮೇಲೆ ಗೋಣಿತಾಟು ಹೊದ್ದು, ಬಿಸಿಲು ಮಳೆ ಸೋಕದಂತೆ ಸುಖವಾಗಿರುವ ತಮ್ಮ ಸನ್ನಿಧಿಗೆ, ಇಲ್ಲಿಯ ನೂಲುವ ಕೇಂದ್ರದಲ್ಲಿ ಹನ್ನೊಂದು ವರ್ಷದಿಂದ ನೂಲು ಪರೀಕ್ಷಕನಾಗಿರುವ ಗೋವಿಂದಯ್ಯನ ಸಾಷ್ಟಾಂಗ ನಮಸ್ಕಾರಗಳು. ತಾವು ಆರೂ ಮಂದಿ ಕ್ಷೇಮವೆಂದು ಬಲ್ಲೆ. ತಮ್ಮ ಮೈಮೇಲಿನ ಅಚ್ಚು ಇನ್ನೂ ಅಂಗಡಿಯಿಂದ ತಂದ ದಿನದ ಹಾಗೆಯೇ ಇದೆ. ನಾವು ಅಷ್ಟು ಕ್ಷೇಮವಾಗಿಲ್ಲ. ಅದನ್ನು ಅರಿಕೆ ಮಾಡಿಕೊಳ್ಳಲೆಂದೇ ಈ ಪತ್ರ.

ನಮ್ಮ ಕೇಂದ್ರದ ಇಪ್ಪತ್ತಾರು ಹೆಂಗಸರು ವರ್ಷಕ್ಕೊಮ್ಮೆ ತಮ್ಮ ನೂಲನ್ನು ತಿ. ನರಸೀಪುರದ ಖಾದಿ ಪ್ರದರ್ಶನಕ್ಕೆ ಒಯ್ಯುತ್ತಾರೆ. ಅವರನ್ನು ಕರೆದೊಯ್ಯುವುದು ಬಸವಯ್ಯನವರ ಲಾರಿ. ಲಾರಿ ಗೊತ್ತುಮಾಡುವ ಮುಂಚೆ ಅದರ ರಿಜಿಸ್ಟ್ರೇಷನ್, ಎಫ್.ಸಿ. ಎಂಬ ಅರ್ಹತಾಪತ್ರ, ಹಿಂದಿನ ಅಪಘಾತಗಳ ವಿವರ, ಇವೆಲ್ಲವನ್ನೂ ಪರಿಶೀಲಿಸಿ ‘ಪ್ರಯಾಣಕ್ಕೆ ಯೋಗ್ಯ’ ಎಂದು ಒಬ್ಬರು ರುಜು ಹಾಕಬೇಕೆಂದು ಮೇಲಿನಿಂದ ಆಜ್ಞೆಯಿದೆ. ಆ ಒಬ್ಬ ನಾನು. ಹೋದ ವರ್ಷ ಬಸವಯ್ಯನವರ ಜಗಲಿಯ ಮೇಲೆ ಕೂತು, ಅವರು ಕೊಟ್ಟ ಕಾಫಿ ಕುಡಿದು, ಎಂಟು ದಿನದ ಹಿಂದಷ್ಟೇ ಹುಟ್ಟಿದ ಅರ್ಹತಾಪತ್ರವನ್ನು ಓದಿದೆ. ‘ಆರು ಟೈರುಗಳೂ ಹೊಸವು’ ಎಂದು ಅದರಲ್ಲಿ ದುಂಡಗೆ ಬರೆದಿತ್ತು. ರುಜು ಹಾಕಿದೆ.

ಮೂರನೆಯ ದಿನ, ಹೆಗಲ ಮೇಲಿನ ಟವೆಲೂ ನೆನೆಯದಷ್ಟು ತುಂತುರಿನಲ್ಲಿ, ಆ ಲಾರಿ ನಾಲೆಯ ತಿರುವಿನಲ್ಲಿ ಬ್ರೇಕು ಹಾಕಿದರೂ ನಿಲ್ಲದೆ ಏರಿಯಿಂದ ಜಾರಿ ಕೆಳಗಿನ ಗದ್ದೆಗೆ ಇಳಿಯಿತು. ಇಪ್ಪತ್ತೈದು ಮಂದಿ ತರಚುಗಾಯದೊಂದಿಗೆ ಮನೆಗೆ ಹೋದರು. ನಮ್ಮಲ್ಲೆಲ್ಲ ಅತಿ ಸಣ್ಣ ನೂಲು ತೆಗೆಯುತ್ತಿದ್ದ ಪುಟ್ಟಬಸಮ್ಮನವರ ಬಲಗೈ ಮಾತ್ರ ಲಾರಿಯ ಹಲಗೆಗೆ ಸಿಕ್ಕಿ ಜಜ್ಜಿಹೋಯಿತು. ಆ ಕೈ ಈಗ ಮಡಿಚಿದ್ದು ಮಡಿಚಿದಂತೆಯೇ ಇದೆ. ವಿಚಾರಣೆಗೆ ಬಂದವರು ಅರ್ಹತಾಪತ್ರವನ್ನು ಓದಿ, ಹೊಸ ಟೈರು ಜಾರುವುದು ಸಾಧ್ಯವೇ ಇಲ್ಲವೆಂದು ತೀರ್ಮಾನಿಸಿ, ಹೆಂಗಸರು ಒಂದೇ ಮಗ್ಗುಲಿಗೆ ಕೂತು ಸೋಬಾನೆ ಹಾಡುತ್ತಿದ್ದುದೇ ಅಪಘಾತಕ್ಕೆ ಕಾರಣವೆಂದು ಬರೆದುಕೊಂಡು ಹೋದರು. ಆಧಾರವಾಗಿ ನನ್ನ ರುಜುವನ್ನೂ ಉಲ್ಲೇಖಿಸಿದ್ದರು.

ಈ ವರ್ಷ ಅದೇ ಫಾರಂ ಮತ್ತೆ ಬಂದಾಗ, ಕಾಗದವನ್ನು ಬಿಟ್ಟು ಕಣ್ಣಿನಿಂದ ನೋಡೋಣವೆನ್ನಿಸಿ, ಲಾರಿಗಳ ತಪಾಸಣೆಯ ಕ್ಯಾಂಪಿಗೇ ಹೋದೆ. ತಮ್ಮ ದರ್ಶನಭಾಗ್ಯ ದೊರಕಿದ್ದು ಅಲ್ಲಿಯೇ. ಮೊದಲು ಬಂದ ಲಾರಿಯ ಮುಂದಿನ ಎಡ ಟೈರಿನ ಮೇಲೆ ಅಂಗೈಯಗಲ ಹಸಿರು ಬಣ್ಣ ಚೆಲ್ಲಿತ್ತು. ಒಂದು ಗಂಟೆಯ ಮೇಲೆ ಬೇರೆ ಕಂಪನಿಯ ಲಾರಿ ಬಂತು. ಅದೇ ಹಸಿರು ಕಲೆ. ಮೂರನೆಯದಾಗಿ ಬಸವಯ್ಯನವರ ಲಾರಿ ಬಂದಾಗ ಕಲೆ ಹಿಂದಿನ ಚಕ್ರಕ್ಕೆ ವರ್ಗವಾಗಿತ್ತು. ಹುಣಸೇಮರದ ಮರೆಗೆ ಹೋಗಿ ನೋಡಿದರೆ, ಮನೆಯಲ್ಲಿರುವ ಒಂದೇ ಮಡಿಪಂಚೆಯನ್ನು ಸರದಿಯ ಮೇಲೆ ಉಟ್ಟು ಪೂಜೆಗೆ ಹೋಗುವ ಅಣ್ಣತಮ್ಮಂದಿರ ಹಾಗೆ, ಲಾರಿಗಳು ಟೈರು ಬಿಚ್ಚಿಸಿಕೊಂಡು ಕಲ್ಲಿನ ಮೇಲೆ ಕೂತು ತಮ್ಮ ಆರೂ ಮಂದಿಯ ಬರವಿಗಾಗಿ ಕಾಯುತ್ತಿದ್ದವು.

ಇನ್ಸ್‌ಪೆಕ್ಟರು ಒಳ್ಳೆಯವರೇ, ಬಗ್ಗಿ ಬಗ್ಗಿ ನೋಡಿದರು, ನೋಡಿದ್ದನ್ನೇ ಬರೆದರು. ಅವರಿಗೆ ನೂಲಿನ ಕಸುಬು ಗೊತ್ತಿಲ್ಲ, ಅಷ್ಟೆ. ಕಟ್ಟಿನ ಮೇಲೊಂದು ಒಳ್ಳೆಯ ನೂಲಿನ ಲಡಿ ಇಟ್ಟು ಒಳಗೆ ಗಂಟುನೂಲು ತುಂಬುವುದು ನಮ್ಮಲ್ಲಿ ಹಳೆಯ ಉಪಾಯ. ನಮ್ಮ ಕೇಂದ್ರದಲ್ಲಿ ನೂಲುವ ಮಾದಮ್ಮನವರು ಒಮ್ಮೆ ಹಾಗೆ ಮಾಡಿದಾಗ ಎಲ್ಲರೆದುರಿಗೆ ಕಟ್ಟು ಬಿಚ್ಚಿ, ಗದರಿಸಿ ವಾಪಸು ಕೊಟ್ಟಿದ್ದೆ. ತಮ್ಮ ವಿಷಯ ಕೇಳಿದ ಮೇಲೆ ಆಕೆ, “ನನ್ ಲಡೀನ ಬಿಚ್ಚಿ ಬಿಚ್ಚಿ ನೋಡ್ತಿದ್ರಲ್ಲ ಸಾ, ಲಾರೀನ ಒಂದ್ಸಲ ಬಗ್ಗಿ ನೋಡಕ್ಕೆ ಏನಾಗಿತ್ತು?” ಎಂದರು. ನನಗೆ ನಾಚಿಕೆಯಾಯಿತು, ಇನ್ನೂ ಆಗುತ್ತಿದೆ.

ತಮ್ಮ ಮೇಲೆ ನನಗೆ ಕೋಪವಿಲ್ಲ. ಒಬ್ಬ ಹುಡುಗನ ಪರೀಕ್ಷೆಯನ್ನು ಇನ್ನೊಬ್ಬ ಬರೆದರೆ ಪೊಲೀಸರು ಬರುತ್ತಾರೆ. ತಾವು ಎರಡು ತಾಲ್ಲೂಕಿನ ಹತ್ತೊಂಬತ್ತು ಲಾರಿಗಳ ಪರೀಕ್ಷೆಯನ್ನು ಬರೆದು ಎಲ್ಲವನ್ನೂ ಮೊದಲ ದರ್ಜೆಯಲ್ಲಿ ಪಾಸು ಮಾಡಿಸಿದ್ದೀರಿ. ಇಂಥ ಪರೋಪಕಾರಿಗಳಿಗೆ ಸರ್ಕಾರ ಒಂದು ಶಾಲನ್ನಾದರೂ ಹೊದಿಸಬೇಕಿತ್ತು, ಗೋಣಿತಾಟನ್ನಲ್ಲ.

ಈಗ ನನ್ನ ಬೇಡಿಕೆ. ಬರುವ ಸೋಮವಾರ ನಮ್ಮ ಹೆಂಗಸರು ತಿ. ನರಸೀಪುರಕ್ಕೆ ಹೊರಡಬೇಕು. ಅಂದು ಅಲ್ಲಿಯೂ ತಪಾಸಣೆಯ ಕ್ಯಾಂಪಿರುವುದರಿಂದ ತಾವೂ ಹೊರಟಿದ್ದೀರಂತೆ, ಅದೂ ಬಸವಯ್ಯನವರ ಅದೇ ಲಾರಿಯಲ್ಲಿ. ಆದರೆ ಅದರ ಕೆಳಗಲ್ಲ, ಮೇಲೆ. ಕೆಳಗೆ ಮಾಮೂಲಿನ ಸವೆದ ಟೈರುಗಳು, ಮೇಲೆ ಹೆಂಗಸರ ಪಕ್ಕದಲ್ಲಿ ಹಗ್ಗ ಬಿಗಿಸಿಕೊಂಡು ತಾವು. ಇದನ್ನು ಕೇಳಿ, ತಮ್ಮನ್ನು ಲಾರಿಗೇ ಹಾಕಿ ಓಡಿಸಬಾರದೇ ಎಂದು ಮಾದಪ್ಪನವರನ್ನು ಬೇಡಿಕೊಂಡೆ. ಅವರು, “ಓಡುಸ್ಬುಟ್ರೆ ಸವ್ದೋಯ್ತವೆ ಕಣ್ ಸಾ, ಆಮೇಲೆ ಟೆಸ್ಟಿಗೆ ಏನ್ ಆಕೋದು?” ಎಂದರು. ಅವರ ಮಾತು ಅವರ ಮಟ್ಟಿಗೆ ಸರಿಯೇ. ಆದ್ದರಿಂದ ತಮ್ಮಲ್ಲೇ ಕೈಮುಗಿದು ಕೇಳುತ್ತೇನೆ: ನಾಲೆಯ ತಿರುವು ಬಂದಾಗ, ದಯವಿಟ್ಟು ತಾವಾಗಿಯೇ ಮೇಲಿನಿಂದ ಇಳಿದು, ಅರ್ಧ ಫರ್ಲಾಂಗಿನ ಮಟ್ಟಿಗೆ ಲಾರಿಯ ಕೆಳಗೆ ಸೇರಿಕೊಂಡು, ತಿರುವು ದಾಟಿದ ಮೇಲೆ ಮತ್ತೆ ಹತ್ತಿ ಕೂರಬೇಕು.

ಅದು ತಮ್ಮಿಂದಾಗದಿದ್ದರೆ ಬೇಸರವಿಲ್ಲ. ಫಾರಂ ತುಂಬಿ ಹೋದ ವಾರವೇ ಕಳಿಸಿದ್ದೇನೆ: ‘ಪರಿಶೀಲಿಸಿದೆ. ದಾಖಲೆಗಳು ಅತ್ಯಂತ ಸುಸ್ಥಿತಿಯಲ್ಲಿವೆ. ಹೆಂಗಸರನ್ನು ದಾಖಲೆಗಳ ಮೇಲೆ ಕೂರಿಸಿ ಕಳಿಸುವುದಾದರೆ ನನ್ನ ಅಡ್ಡಿಯಿಲ್ಲ. ಲಾರಿಗೆ ರುಜು ಹಾಕುವುದಿಲ್ಲ.’ ಹೆಂಗಸರು ನೂಲನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋಗುವುದೆಂದು ಒಪ್ಪಿದ್ದಾರೆ. ಏಳು ದಿನದೊಳಗೆ ಸಮಜಾಯಿಷಿ ಕೊಡಬೇಕೆಂದು ನನಗೆ ನೋಟೀಸು ಬಂದಿದೆ. ಈ ಪತ್ರದ ನಕಲನ್ನೇ ಕೊಡೋಣವೆಂದಿದ್ದೇನೆ.

ಇಂತು, ಯಾವ ಅರ್ಹತಾಪತ್ರವೂ ಇಲ್ಲದ
ತಮ್ಮ ವಿಶ್ವಾಸಿ,
ಗೋವಿಂದಯ್ಯ
ನೂಲು ಪರೀಕ್ಷಕ

ಮರೆತ ಮಾತು: ಈ ಪತ್ರಕ್ಕೆ ಸಾಕ್ಷಿಯಾಗಿ ಪುಟ್ಟಬಸಮ್ಮನವರು ಕೆಳಗೆ ಎಡಗೈ ಹೆಬ್ಬೆಟ್ಟು ಒತ್ತಿದ್ದಾರೆ. ಕೇಂದ್ರದ ಹಳೆಯ ಪುಸ್ತಕದಲ್ಲಿ ಇರುವುದು ಬಲಗೈಯದು. ಪರಿಹಾರದ ಅರ್ಜಿಗೂ ಆಕೆ ಹೀಗೆಯೇ ಒತ್ತಿದಾಗ, ಎರಡೂ ತಾಳೆಯಾಗುವುದಿಲ್ಲವೆಂದು ಮೇಲಿನವರು ಆಕ್ಷೇಪಣೆ ಎತ್ತಿ, ಈಕೆ ಪುಟ್ಟಬಸಮ್ಮನೇ ಎಂಬುದಕ್ಕೆ ದಾಖಲೆ ಕೇಳಿದ್ದಾರೆ. ಹತ್ತೊಂಬತ್ತು ಲಾರಿಗಳಲ್ಲಿ ಒಂದನ್ನೂ ಅವರು ಹೀಗೆ ಕೇಳಿರಲಿಲ್ಲ.